ಒಂದು ಬಾಟ್ಲಿ ಹಾಕಿಬಿಡಿ ಡಾಕ್ಟ್ರೇ

ಜ್ವರ ಬಂದು ಮಲಗಿದವರನ್ನು ನೋಡಲು ಬರುವ ನೆಂಟರು ಮೊದಲು ಕೇಳುವುದು, ‘ಗ್ಲೂಕೋಸ್ ಹಾಕಿದ್ರಾ?’ ಇಲ್ಲ ಅಂದರೆ ಅವರ ಮುಖ ಹುಳ್ಳಗಾಗುತ್ತದೆ. ‘ಬರೀ ಮಾತ್ರೆ ಬರ್ಕೊಟ್ಟು ಕಳ್ಸಿದ್ರಾ? ಅಲ್ಲಿಗ್ಯಾಕೆ ಹೋದ್ರಿ? ನಮ್ಮ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ರೆ ಎರಡು ಬಾಟ್ಲಿ ಹಾಕಿ ಸಂಜೆಯೊಳಗೆ ಎಬ್ಬಿಸಿ ಕೂರಿಸ್ತಿದ್ರು.’ ಬೆಂಗಳೂರಿನವರು ಡ್ರಿಪ್ಸ್ ಅನ್ನುತ್ತಾರೆ, ಮಂಡ್ಯದವರು ಗ್ಲೂಕೋಸ್ ಅನ್ನುತ್ತಾರೆ, ಹುಬ್ಬಳ್ಳಿ ಕಲಬುರಗಿಯ ಕಡೆ ಸಲಾಯಿನ್ ಹಚ್ಚುತ್ತಾರೆ. ಎಲ್ಲ ಕಡೆಯೂ ನಂಬಿಕೆ ಮಾತ್ರ ಒಂದೇ. ಚುಚ್ಚಿದರೆ ಅದು ಚಿಕಿತ್ಸೆ, ತೂಗುಹಾಕಿದರೆ ದೊಡ್ಡ ಚಿಕಿತ್ಸೆ, ಕೂರಿಸಿ ಹೇಳಿ ಕಳಿಸಿದರೆ ಅದು ಏನೂ ಅಲ್ಲ.

ಈ ನಂಬಿಕೆ ತಪ್ಪು. ದುಡ್ಡಿಗೆ ದಂಡ, ಕೆಲವೊಮ್ಮೆ ಜೀವಕ್ಕೂ ಕುತ್ತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ವಾಂತಿ, ಭೇದಿ, ಜ್ವರ, ಸುಸ್ತಿನಂಥ ದಿನನಿತ್ಯದ ಕಾಯಿಲೆಗಳಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಡಾಕ್ಟರ ಸಲಹೆಯನ್ನೇ ಈ ಬಾಟಲಿ ಆಸ್ಪತ್ರೆಯಿಂದ ಹೊರಗೆ ಹಾಕಿದೆ. ಓದಿಲ್ಲದವರ ಮುಗ್ಧತೆ ಎಂದು ನಕ್ಕು ಸುಮ್ಮನಾಗುವಂತೆಯೂ ಇಲ್ಲ. ಮೇಷ್ಟ್ರು, ಬ್ಯಾಂಕಿನವರು, ಸಾಫ್ಟ್‌ವೇರಿನವರು ಎಲ್ಲರೂ ಇದೇ ಸಾಲಿನಲ್ಲಿ ತೋಳು ಮಡಚಿ ನಿಂತಿದ್ದಾರೆ. ಚರ್ಮ ಹೊಳೆಯಲಿ, ರಾತ್ರಿ ಕುಡಿದದ್ದು ಇಳಿಯಲಿ ಎಂದು ನಗರದ ಸಿರಿವಂತರು ಸೋಫಾದ ಮೇಲೆ ಒರಗಿ ಸಾವಿರಾರು ರೂಪಾಯಿ ಕೊಟ್ಟು ಏರಿಸಿಕೊಳ್ಳುವ ‘ಐವಿ ಥೆರಪಿ’ಗೂ, ತಾಲ್ಲೂಕು ಕೇಂದ್ರದ ಕ್ಲಿನಿಕ್ಕಿನ ಬೆಂಚಿನ ಮೇಲೆ ಏರುವ ಗ್ಲೂಕೋಸಿಗೂ ಇರುವ ವ್ಯತ್ಯಾಸ ಎಸಿಯದ್ದು, ಬಿಲ್ಲಿನದ್ದು.

ಆ ಬಾಟಲಿಯನ್ನು ಒಮ್ಮೆ ಕೈಗೆ ತೆಗೆದುಕೊಂಡು ಲೇಬಲ್ ಓದೋಣ. ಶೇಕಡಾ 5ರ ಡೆಕ್ಸ್‌ಟ್ರೋಸ್, 500 ಮಿಲಿಲೀಟರ್. ಅಂದರೆ ಅರ್ಧ ಲೀಟರ್ ನೀರಿನಲ್ಲಿ 25 ಗ್ರಾಂ ಸಕ್ಕರೆ, ಐದಾರು ಟೀ ಚಮಚದಷ್ಟು. ಅದರಿಂದ ಸಿಗುವ ಶಕ್ತಿ 100 ಕ್ಯಾಲೊರಿಯನ್ನೂ ದಾಟುವುದಿಲ್ಲ. ಎರಡು ಇಡ್ಲಿ ತಿಂದರೆ ಅಷ್ಟು ಬರುತ್ತದೆ, ಚಟ್ನಿಯ ಲೆಕ್ಕ ಬೇರೆ. ‘ಗ್ಲೂಕೋಸ್ ಏರಿಸಿದ ಮೇಲೆ ಮೈಗೆ ಶಕ್ತಿ ಬಂತು’ ಎನ್ನುವವರು ಎರಡು ಇಡ್ಲಿಯ ಶಕ್ತಿಯನ್ನು ಎರಡು ಗಂಟೆ ಮಲಗಿ ರಕ್ತನಾಳದ ಮೂಲಕ ತಿಂದಿರುತ್ತಾರೆ. ಸಕ್ಕರೆ ಕಾಯಿಲೆಯವರಿಗೂ ಇದನ್ನೇ ಏರಿಸುವ ಪುಣ್ಯಾತ್ಮರಿದ್ದಾರೆ.

ಇನ್ನೊಂದು ಬಾಟಲಿ ನಾರ್ಮಲ್ ಸಲೈನ್, ಶೇಕಡಾ 0.9ರ ಉಪ್ಪುನೀರು. 500 ಮಿಲಿಲೀಟರಿನಲ್ಲಿ 4.5 ಗ್ರಾಂ ಉಪ್ಪು. ವಯಸ್ಕರು ಇಡೀ ದಿನಕ್ಕೆ ತಿನ್ನುವ ಉಪ್ಪು 5 ಗ್ರಾಮಿಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಪಿ ಇರುವ ಅಜ್ಜನ ತಟ್ಟೆಯಿಂದ ಉಪ್ಪಿನಕಾಯಿ ಹಪ್ಪಳ ಕಿತ್ತುಕೊಳ್ಳುವ ಸೊಸೆಯೇ ‘ಮಾವನಿಗೆ ಸುಸ್ತು, ಎರಡು ಬಾಟ್ಲಿ ಹಾಕಿ’ ಎಂದು ಕೇಳಿ ಒಂದೇ ಮಧ್ಯಾಹ್ನ 9 ಗ್ರಾಂ ಉಪ್ಪನ್ನು ನೇರ ರಕ್ತಕ್ಕೆ ಬಿಡಿಸುತ್ತಾಳೆ. ಹೃದಯ ದುರ್ಬಲವಾಗಿದ್ದರೆ, ಮೂತ್ರಪಿಂಡ ಸೋತಿದ್ದರೆ ಆ ನೀರು ಹೊರಗೆ ಹೋಗಲಾರದೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ರಾತ್ರಿ ಉಬ್ಬಸ ಬಂದು ದೊಡ್ಡಾಸ್ಪತ್ರೆಗೆ ಓಡಿದಾಗ ‘ಮಧ್ಯಾಹ್ನ ಬಾಟ್ಲಿ ಹಾಕ್ಸಿದ್ವಿ, ಆದ್ರೂ ಹಿಂಗಾಯ್ತು’ ಅನ್ನುತ್ತಾರೆ. ಆ ‘ಆದರೂ’ ಇದ್ದ ಜಾಗದಲ್ಲಿ ‘ಅದಕ್ಕೇ’ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಹಳದಿ ಬಾಟಲಿಯ ವಿಚಾರ ಇನ್ನೂ ಸ್ವಾರಸ್ಯ. ಬಿಳಿ ದ್ರಾವಣದ ಬಾಟಲಿಗೆ ಸಿರಿಂಜಿನಿಂದ ಒಂದಿಷ್ಟು ವಿಟಮಿನ್ ಸೇರಿಸಿದರೆ ಇಡೀ ಬಾಟಲಿ ಅರಿಶಿನ ಕದಡಿದ ಹಾಗೆ ಆಗುತ್ತದೆ. ‘ಪವರ್ ಜಾಸ್ತಿ’ ಎಂಬ ಖ್ಯಾತಿ ಇದಕ್ಕೆ, ರೇಟೂ ಜಾಸ್ತಿ. ಆ ಬಣ್ಣ ಬಿ ಗುಂಪಿನ ಜೀವಸತ್ವವೊಂದರದು. ದೇಹಕ್ಕೆ ಬೇಕಾದಷ್ಟು ಉಳಿದು ಮಿಕ್ಕಿದ್ದೆಲ್ಲ ಮೂತ್ರದಲ್ಲಿ ಹೋಗುತ್ತದೆ. ಸಂಜೆ ಬಚ್ಚಲಿಗೆ ಹೋದಾಗ ಅದೇ ಹಳದಿ ಕಾಣಿಸಿದರೆ ‘ಒಳಗಿನ ಹೀಟೆಲ್ಲ ಹೊರಗೆ ಬಂತು’ ಎಂದು ಸಮಾಧಾನಪಡುವವರನ್ನು ನಾನು ಕಂಡಿದ್ದೇನೆ. ಹೊರಗೆ ಬಂದದ್ದು ಅವರು ಕೊಟ್ಟ ದುಡ್ಡು.

ಹಾಗಾದರೆ ಬಾಟಲಿ ಹಾಕಿಸಿಕೊಂಡವರಿಗೆ ಹಾಯೆನಿಸುವುದು ಸುಳ್ಳೇ? ನಿಜವೇ. ಕಾರಣ ಬೇರೆ. ವೈರಲ್ ಜ್ವರ ಸಾಮಾನ್ಯವಾಗಿ ಮೂರರಿಂದ ಐದು ದಿನಕ್ಕೆ ತಾನಾಗಿ ಇಳಿಯುತ್ತದೆ. ಜನ ಆಸ್ಪತ್ರೆಗೆ ಹೋಗುವುದು ತಡೆಯಲಾಗದ ಮೂರನೆಯ ದಿನ. ನಾಲ್ಕನೆಯ ದಿನದ ಇಳಿಕೆಯ ಕೀರ್ತಿ ಬಾಟಲಿಗೆ ಹೋಗುತ್ತದೆ. ಬಾಟಲಿಯೊಳಗೆ ಜ್ವರದ ಔಷಧ, ವಾಂತಿ ನಿಲ್ಲಿಸುವ ಔಷಧ ಸೇರಿರುತ್ತದೆ. ಜ್ವರ ಇಳಿಸುವ ಕೆಲಸವನ್ನು ಪ್ಯಾರಾಸಿಟಮಾಲ್ ಮಾತ್ರೆ ಮನೆಯಲ್ಲೇ ಮಾಡುತ್ತಿತ್ತು. ಕೆಲವು ಕಡೆ ಸ್ಟೀರಾಯ್ಡ್ ಕೂಡ ಸೇರುತ್ತದೆ. ಅರ್ಧ ದಿನದಲ್ಲಿ ಮೈಕೈ ನೋವು ಮಾಯ, ಹಸಿವು ಶುರು. ಊರೆಲ್ಲ ಆ ಡಾಕ್ಟರ ಕೈಗುಣವನ್ನು ಹೊಗಳುತ್ತದೆ. ಜ್ವರದ ಮೂಲ ಒಳಗೆ ಬೆಳೆಯುತ್ತಿದ್ದರೂ ಮೇಲೆ ಕಾಣದಂತೆ ಮುಚ್ಚುವ ಶಕ್ತಿ ಆ ಔಷಧಕ್ಕಿದೆ ಎಂಬುದನ್ನು ಯಾರೂ ಹೇಳಿರುವುದಿಲ್ಲ, ಚೀಟಿಯಲ್ಲಿ ಬರೆದಿರುವುದೂ ಇಲ್ಲ.

ಇನ್ನೂ ಒಂದು ಕಾರಣವಿದೆ. ನನಗೆ ಇದೇ ದೊಡ್ಡದೆನಿಸುತ್ತದೆ. ಇಂಥ ಒಂದು ಕ್ಲಿನಿಕ್ಕಿನ ಒಳಕೋಣೆ ನೋಡಿ. ಗೋಡೆಯುದ್ದಕ್ಕೂ ಮೊಳೆ, ಮೊಳೆ ಸಾಲದಾದಾಗ ಕಿಟಕಿಯ ಸರಳು. ಬೆಂಚಿನ ಮೇಲೆ ಒಬ್ಬರ ಕಾಲ ಬಳಿ ಇನ್ನೊಬ್ಬರ ತಲೆ. ತಲೆಯ ಮೇಲೆ ಕಟಕಟ ಎನ್ನುವ ಫ್ಯಾನು. ಹನಿ ಬೀಳುವುದನ್ನೇ ದಿಟ್ಟಿಸುತ್ತ ಬಳಿಯಲ್ಲಿ ಗಂಡನೋ ತಮ್ಮನೋ ಕೂತಿರುತ್ತಾನೆ. ‘ನಿಧಾನ ಬೀಳ್ತಿದೆ ಸಿಸ್ಟರ್, ಸ್ವಲ್ಪ ಜೋರು ಮಾಡಿ’ ಎಂದು ಆಗಾಗ ಎದ್ದು ಹೋಗುತ್ತಾನೆ. ಮಲಗಿರುವ ಹೆಂಗಸು ಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಏಳುವವಳು. 102 ಡಿಗ್ರಿ ಜ್ವರದಲ್ಲೂ ಕೊಟ್ಟಿಗೆ ಬಾಚಿ, ಮುದ್ದೆ ತೊಳಸಿಟ್ಟು ಬಂದವಳು. ಹಗಲು ಹೊತ್ತಿನಲ್ಲಿ ಅವಳು ಕಾಲು ಚಾಚಿ ಮಲಗಿದ್ದನ್ನು ಮನೆಯವರು ಒಪ್ಪುವುದು ಕೈಗೆ ನಳಿಗೆ ಸಿಕ್ಕಿಸಿದಾಗ ಮಾತ್ರ. ಆಗ ಎಳನೀರು ಬರುತ್ತದೆ, ಮೂಸಂಬಿ ಬರುತ್ತದೆ, ಅತ್ತೆ ಬಂದು ಹಣೆ ಮುಟ್ಟಿ ನೋಡುತ್ತಾರೆ. ನಾಳೆ ಕೂಲಿಗೆ ಹೋಗದಿದ್ದರೆ ಒಲೆ ಹತ್ತದ ಗಂಡಸಿಗೂ ‘ಬಾಟ್ಲಿ ಹಾಕವ್ರೆ’ ಎನ್ನುವುದು ಮೇಸ್ತ್ರಿಯ ಮುಂದೆ ಹೇಳಿಕೊಳ್ಳಲು ಬರುವ ಒಂದೇ ರಜಾ ಅರ್ಜಿ. ಅವರಿಗೆ ಬೇಕಿದ್ದ ವಿಶ್ರಾಂತಿಯನ್ನು ಅವರು ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಕೊಂಡುಕೊಂಡಿರುತ್ತಾರೆ. ಅವರನ್ನು ಅಜ್ಞಾನಿಗಳೆಂದು ಬೈಯುವವರ ಮೇಲೆ ನನಗೆ ಕೋಪವಿದೆ.

ಈಗ ವಾಂತಿ ಭೇದಿಯ ಮಾತು. ನೀರು ಬಿಟ್ಟುಹೋಗುವ ಕಾಯಿಲೆಗೆ ನೀರನ್ನೇ ಏರಿಸಬೇಕಲ್ಲವೇ ಎಂದು ಬಾಟಲಿ ಪಕ್ಷದವರು ಇಲ್ಲಿ ಗೆದ್ದೆವೆಂದುಕೊಳ್ಳುತ್ತಾರೆ. 1971ರಲ್ಲಿ ಬಂಗಾಳದ ಗಡಿಯ ಬನಗಾಂವ್ ಈ ವಾದವನ್ನು ಮುಗಿಸಿಬಿಟ್ಟಿದೆ. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತ್ತು. ಆಸ್ಪತ್ರೆಯ ನೆಲದ ತುಂಬ ರೋಗಿಗಳು. ಏರಿಸುವ ದ್ರಾವಣ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಸೋಡಾ ತೂಗಿ ಪೊಟ್ಟಣ ಕಟ್ಟಿಸಿದರು, ಡ್ರಮ್ಮುಗಳಲ್ಲಿ ನೀರಿಗೆ ಬೆರೆಸಿಟ್ಟರು. ಕುಡಿಸಿದವರು ನರ್ಸುಗಳಲ್ಲ, ರೋಗಿಗಳ ತಾಯಿ, ಗಂಡ, ಅಕ್ಕ, ತಂಗಿಯರು. ಶೇಕಡಾ 30ರ ಸುತ್ತ ಇದ್ದ ಸಾವು ಶೇಕಡಾ 4ಕ್ಕಿಂತ ಕೆಳಗೆ ಬಂತು. ಕರುಳಿನಲ್ಲಿ ಸಕ್ಕರೆಯೂ ಸೋಡಿಯಮ್ಮೂ ಜೊತೆಯಾಗಿ ಒಳಗೆ ಹೋಗುತ್ತವೆ, ಹೋಗುವಾಗ ನೀರನ್ನೂ ಎಳೆದುಕೊಳ್ಳುತ್ತವೆ, ಎಷ್ಟೇ ಭೇದಿಯಾಗುತ್ತಿದ್ದರೂ ಈ ದಾರಿ ಮುಚ್ಚುವುದಿಲ್ಲ. ಇದರ ಸುಳಿವನ್ನು ರಾಬರ್ಟ್ ಕ್ರೇನ್ 1960ರಲ್ಲೇ ಕೊಟ್ಟಿದ್ದರು. ಮಹಾಲನಬಿಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಸರ್ಕಾರ ಪದ್ಮವಿಭೂಷಣ ಕೊಟ್ಟಿತು. ಸತ್ತ ಮೇಲಾದರೂ ಕೊಟ್ಟರಲ್ಲ ಅನ್ನಬೇಕೋ, ಏನೋ.

ಓಆರ್‌ಎಸ್ ಎಂಬ ಆ ಪೊಟ್ಟಣ ಇಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯ ಚೀಲದಲ್ಲಿ ಪುಕ್ಕಟೆ ಸಿಗುತ್ತದೆ. ಸುಮಾರು 20.5 ಗ್ರಾಮಿನ ಒಂದು ಪೊಟ್ಟಣಕ್ಕೆ ಕುದಿಸಿ ಆರಿಸಿದ ಪೂರ್ತಿ ಒಂದು ಲೀಟರ್ ನೀರು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಎಂಬ ಅಂದಾಜು ಅಪಾಯ. ಮಗುವಾದರೆ ಚಮಚ ಚಮಚವಾಗಿ. ಕಕ್ಕಿದರೆ ಹತ್ತು ನಿಮಿಷ ಬಿಟ್ಟು, ಮತ್ತೆ ಇನ್ನೂ ನಿಧಾನವಾಗಿ. ಎದೆಹಾಲು ನಿಲ್ಲಿಸುವಂತಿಲ್ಲ. ಗಂಜಿ, ಮಜ್ಜಿಗೆ, ಮೆತ್ತನೆಯ ಅನ್ನ ನಡೆಯಲಿ. ಹೊಟ್ಟೆ ಕಟ್ಟಿಸುವ ಲಂಘನ ಬೇಡ. ಮಕ್ಕಳಿಗೆ ಸತುವಿನ ಮಾತ್ರೆ 14 ದಿನ. ಇಷ್ಟನ್ನು ತಾಯಿಯನ್ನು ಕೂರಿಸಿ, ಬೆರೆಸಿ ತೋರಿಸಿ, ಅವಳ ಬಾಯಲ್ಲಿ ತಿರುಗಿ ಹೇಳಿಸಲು ಹತ್ತು ನಿಮಿಷ ಬೇಕು. ಬಾಟಲಿ ತೂಗುಹಾಕಲು ಎರಡು ನಿಮಿಷ ಸಾಕು, ದುಡ್ಡೂ ಬರುತ್ತದೆ. ಯಾವುದು ನಡೆಯುತ್ತದೆಂದು ಬೇರೆ ಹೇಳಬೇಕಿಲ್ಲ. ನಾವು ಕಡೆಗಣಿಸಿದ್ದನ್ನು ವ್ಯಾಪಾರಿಗಳು ಕಡೆಗಣಿಸಲಿಲ್ಲ. ಸಕ್ಕರೆ ತುಂಬಿದ ಹಣ್ಣಿನ ಪಾನೀಯಗಳು ಪೊಟ್ಟಣದ ಮೇಲೆ ಓಆರ್‌ಎಸ್ ಎಂದು ಅಚ್ಚು ಹಾಕಿಸಿಕೊಂಡು ಔಷಧದಂಗಡಿಯಲ್ಲೇ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಬಾರದೆಂದು ಆದೇಶಿಸಿತು.

ಬಾಟಲಿ ಎಂದಿಗೂ ಬೇಡವೆಂಬ ಹಟ ನನಗಿಲ್ಲ. ಕುಡಿದದ್ದು ಒಂದು ಗುಟುಕೂ ನಿಲ್ಲದಿದ್ದರೆ, ಪ್ರಜ್ಞೆ ಮಂಕಾಗಿದ್ದರೆ, ಕಣ್ಣು ಗುಳಿಬಿದ್ದು ಚಿವುಟಿದ ಚರ್ಮ ಹಾಗೇ ನಿಂತರೆ, ಎಷ್ಟೋ ಗಂಟೆಯಿಂದ ಮೂತ್ರವಾಗದಿದ್ದರೆ ತಡಮಾಡದೆ ಏರಿಸಬೇಕು. ಶಸ್ತ್ರಚಿಕಿತ್ಸೆಯಲ್ಲಿ ಬೇಕು, ರಕ್ತ ಹೋದಾಗ ಬೇಕು. ಆದರೆ ಅಲ್ಲಿಯೂ ‘ಹೆಚ್ಚು ಹಾಕಿದಷ್ಟು ಒಳ್ಳೆಯದು’ ಎಂಬುದು ನಿಲ್ಲುವುದಿಲ್ಲ. ಕೀನ್ಯಾ, ಉಗಾಂಡ, ತಾಂಜಾನಿಯಾಗಳಲ್ಲಿ ತೀವ್ರ ಜ್ವರದಿಂದ ರಕ್ತಸಂಚಾರ ಕುಗ್ಗಿದ್ದ 3 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಫೀಸ್ಟ್ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಬೇಗ ಬೇಗ ದ್ರಾವಣ ಏರಿಸಿದ ಮಕ್ಕಳೇ 48 ಗಂಟೆಯೊಳಗೆ ಹೆಚ್ಚು ಸತ್ತಿದ್ದರು: ನೂರಕ್ಕೆ ಹತ್ತಕ್ಕಿಂತ ಹೆಚ್ಚು, ಹಾಗೆ ಏರಿಸದವರಲ್ಲಿ ಏಳರಷ್ಟು. ವೈದ್ಯಲೋಕವೇ ಬೆಚ್ಚಿಬಿದ್ದ ಫಲಿತಾಂಶ ಅದು. ‘ಜೋರು ಮಾಡಿ ಸಿಸ್ಟರ್’ ಎನ್ನುವ ತಮ್ಮನಿಗೆ ಇದನ್ನು ಯಾರಾದರೂ ಹೇಳಬೇಕು.

ಮಾತ್ರೆಗಿಂತ ಚುಚ್ಚಿದ್ದಕ್ಕೆ ಪವರ್ ಜಾಸ್ತಿ ಎಂಬುದರ ಗತಿಯೂ ಇಷ್ಟೇ. ಎಷ್ಟೋ ಆ್ಯಂಟಿಬಯಾಟಿಕ್ಕುಗಳು ಬಾಯಿಂದ ತೆಗೆದುಕೊಂಡರೂ ಹೆಚ್ಚುಕಡಿಮೆ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತವೆ. ಮೂಳೆ ಕೀಲುಗಳ ಸೋಂಕಿಗೆ ವಾರಗಟ್ಟಲೆ ರಕ್ತನಾಳಕ್ಕೇ ಔಷಧ ಕೊಡಬೇಕೆಂಬುದು ಗಟ್ಟಿ ನಂಬಿಕೆಯಾಗಿತ್ತು. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಓವಿವಾ ಅಧ್ಯಯನ, ಮೊದಲ ಆರು ವಾರದಲ್ಲಿ ಮಾತ್ರೆ ಕೊಟ್ಟರೂ ಫಲಿತಾಂಶ ಕಡಿಮೆಯಿಲ್ಲ ಎಂದು ತೋರಿಸಿತು. ಮೂಳೆ ಕೊಳೆತವರಿಗೆ ಮಾತ್ರೆ ಸಾಕಾದರೆ ನೆಗಡಿ ಜ್ವರದವರ ಸೊಂಟಕ್ಕೆ ಸೂಜಿ ಯಾಕೆ?

ತಮಾಷೆಯೆಂದರೆ, ಸೂಜಿ ನಿಜಕ್ಕೂ ಬೇಕಾದ ಕಡೆ ನಾವು ಓಡಿಹೋಗುತ್ತೇವೆ. ಇನ್ಸುಲಿನ್ ಶುರು ಮಾಡೋಣ ಎಂದರೆ ‘ಅದೊಂದು ಬೇಡ ಡಾಕ್ಟ್ರೇ, ಒಮ್ಮೆ ಚುಚ್ಚಿದ್ರೆ ಜೀವನಪೂರ್ತಿ ಬಿಡಲ್ವಂತೆ’ ಎಂದು ಕೈಮುಗಿಯುತ್ತೇವೆ. ನಾಯಿ ಕಚ್ಚಿದವರು ಎರಡು ಚುಚ್ಚುಮದ್ದು ಹಾಕಿಸಿಕೊಂಡು ಗಾಯ ಮಾಯಿತೆಂದು ಉಳಿದದ್ದನ್ನು ಬಿಡುತ್ತಾರೆ. ಅದೇ ಜನ ಮೈಕೈ ನೋವಿಗೆ ‘ಎರಡೂ ಕಡೆ ಮಾಡಿ’ ಎಂದು ಅಂಗಿ ಎತ್ತುತ್ತಾರೆ.

ಚುಚ್ಚುವುದೇನು ಪುಕ್ಕಟೆಯೂ ಅಲ್ಲ, ನಿರಪಾಯವೂ ಅಲ್ಲ. ಬಾಯಿಂದ ಹೋದದ್ದಕ್ಕೆ ಜಠರದ ಆಮ್ಲ, ಕರುಳು, ಯಕೃತ್ತು ಎಂಬ ಕಾವಲುಗಳಿವೆ. ರಕ್ತನಾಳಕ್ಕೆ ಬಿಟ್ಟದ್ದಕ್ಕೆ ಯಾವ ಕಾವಲೂ ಇಲ್ಲ. 2009ರಲ್ಲಿ ಗುಜರಾತಿನ ಮೊಡಾಸದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತಾಗ ತನಿಖೆ ಬೆರಳು ತೋರಿಸಿದ್ದು ಒಮ್ಮೆ ಬಳಸಿದ್ದನ್ನೇ ಮತ್ತೆ ಬಳಸಿದ ಸಿರಿಂಜಿನ ಕಡೆಗೆ. 2018ರಲ್ಲಿ ಉತ್ತರಪ್ರದೇಶದ ಉನ್ನಾವ್ ಜಿಲ್ಲೆಯಲ್ಲಿ ಎಚ್‌ಐವಿ ಪ್ರಕರಣಗಳು ಗುಂಪಾಗಿ ಸಿಕ್ಕಾಗಲೂ ಅನುಮಾನ ಹೋದದ್ದು ನಕಲಿ ವೈದ್ಯನೊಬ್ಬನ ಸೂಜಿಯ ಮೇಲೆ. ನಮ್ಮ ಬಳ್ಳಾರಿಯನ್ನಂತೂ ಮರೆಯುವಂತಿಲ್ಲ. 2024ರ ನವೆಂಬರಿನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಪ್ರಶ್ನೆ ಎದ್ದಿತು, ಅದನ್ನು ತಯಾರಿಸಿದ ಕಂಪನಿಯ ದ್ರಾವಣದ ಬಳಕೆಯನ್ನು ಸರ್ಕಾರ ತಡೆಯಿತು. ಆ ಹೆಣ್ಣುಮಕ್ಕಳಿಗೆ ದ್ರಾವಣ ಬೇಕೇ ಬೇಕಿತ್ತು, ಬೇರೆ ದಾರಿ ಇರಲಿಲ್ಲ. ಬೇರೆ ದಾರಿ ಇರುವ ನಾವು ಸುಸ್ತಿಗೆಂದು ತೋಳು ಚಾಚುತ್ತೇವೆ.

ಡಾಕ್ಟರುಗಳ ಸಮಜಾಯಿಷಿ ಎಲ್ಲ ಊರಲ್ಲೂ ಒಂದೇ: ‘ಜನರೇ ಕೇಳ್ತಾರೆ ಸಾರ್. ನಾನು ಹಾಕ್ದಿದ್ರೆ ಪಕ್ಕದ ಕ್ಲಿನಿಕ್‌ಗೆ ಹೋಗ್ತಾರೆ.’ ಇದರಲ್ಲಿ ಅರ್ಧ ಸತ್ಯವಿದೆ. 1990ರ ದಶಕದಲ್ಲಿ ಇಂಡೊನೇಷ್ಯಾದ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಒಂದು ಪ್ರಯೋಗ ನಡೆಯಿತು. ಇಂಜೆಕ್ಷನ್ ಕೊಡುವವರನ್ನೂ ತೆಗೆದುಕೊಳ್ಳುವವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮಾತಾಡಿಸಿದರು. ಆಮೇಲೆ ಅಲ್ಲಿ ಇಂಜೆಕ್ಷನ್ ಬಳಕೆ ಗಣನೀಯವಾಗಿ ಇಳಿಯಿತು. ಜನಕ್ಕೆ ಬೇಕು ಎಂದು ಡಾಕ್ಟರು, ಡಾಕ್ಟರು ಕೊಡುತ್ತಾರೆ ಅಂದಮೇಲೆ ಬೇಕಿರಬೇಕು ಎಂದು ಜನ, ಹೀಗೆ ಒಬ್ಬರ ಮೇಲೊಬ್ಬರು ಹೊರಿಸಿಕೊಂಡು ಬಂದ ಹೊರೆ ಇದು. ಈ ಪೈಕಿ ಎಂಬಿಬಿಎಸ್ ಓದಿದವರು ಒಬ್ಬರೇ. ಹೆಚ್ಚಿನ ಹೊಣೆ ಯಾರದೆಂಬುದರಲ್ಲಿ ನನಗೆ ಗೊಂದಲವಿಲ್ಲ. ಅಡುಗೆಗೆ ಎಷ್ಟು ಉಪ್ಪು ಎಂದು ಗಿರಾಕಿಯನ್ನು ಕೇಳಿ ಹಾಕುವ ಹೋಟೆಲಿನವನೂ ಇಲ್ಲ.

ವಿಮೆಯೂ ಇದಕ್ಕೆ ಗೊಬ್ಬರ ಹಾಕಿದೆ. ಸಾಮಾನ್ಯ ಪಾಲಿಸಿಗಳು ದುಡ್ಡು ಕೊಡುವುದು 24 ಗಂಟೆ ಒಳರೋಗಿಯಾದರೆ. ಬರೀ ಪರೀಕ್ಷೆಗಾಗಿ, ನಿಗಾಕ್ಕಾಗಿ ಸೇರಿದ್ದರೆ ಕ್ಲೇಮು ತಿರಸ್ಕೃತ. ಎರಡು ದಿನ ಮಲಗಿಸಿ, ಗಂಟೆಗೊಮ್ಮೆ ನೋಡಿ, ಕುಡಿಸಿ, ಏನೂ ಚುಚ್ಚದೆ ಗುಣಪಡಿಸಿ ಕಳಿಸಿದ ಬುದ್ಧಿವಂತ ವೈದ್ಯರ ರೋಗಿಗೆ ‘ಮನೆಯಲ್ಲೇ ಆಗುತ್ತಿತ್ತಲ್ಲ’ ಎಂಬ ಪತ್ರ ಬರಬಹುದು. ಕೇಸ್‌ಶೀಟಿನಲ್ಲಿ ಐವಿ ಎಂದು ನಾಲ್ಕು ಕಡೆ ಬರೆದಿದ್ದರೆ ಆ ತಕರಾರು ಕಡಿಮೆ. ಹಾಗಾಗಿ ರೋಗಿಗೆ ಬೇಡದಿದ್ದರೂ ಕಾಗದಕ್ಕೆ ಬೇಕೆಂದು ಬಾಟಲಿ ಏರುತ್ತದೆ.

ಸಲಹೆ ಹೊರಗೆ ಬಿದ್ದರೆ ಏನಾಗುತ್ತದೆಂದು ನೋಡಲು ಮಳೆಗಾಲದ ಡೆಂಗಿ ಸಾಕು. 2024ರಲ್ಲಿ ಪ್ರಕರಣಗಳು ಏರಿದಾಗ ರಾಜ್ಯ ಸರ್ಕಾರ ಇದನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿತು. ಈ ಜ್ವರದ ಕುತಂತ್ರವೇ ಬೇರೆ. ಮೈಸುಡುವ ದಿನಗಳಿಗಿಂತ ಜ್ವರ ಇಳಿಯುವ ಹೊತ್ತಿನ 24ರಿಂದ 48 ಗಂಟೆ ಹೆಚ್ಚು ಅಪಾಯದ್ದು. ಆಗ ಕೆಲವರಲ್ಲಿ ರಕ್ತದ ದ್ರವ ನಾಳದಿಂದ ಸೋರತೊಡಗುತ್ತದೆ. ಮನೆಯವರು ಕಣ್ಣಿಟ್ಟಿರಬೇಕಾದ್ದು ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲೋ ಮೂಗಿನಲ್ಲೋ ರಕ್ತ, ಕಪ್ಪು ಮಲ, ತಣ್ಣಗಾಗುವ ಕೈಕಾಲು, ಕಾರಣವಿಲ್ಲದ ಮಂಪರು ಅಥವಾ ಚಡಪಡಿಕೆ. ಇದರಲ್ಲಿ ಒಂದು ಕಂಡರೂ ನಡುರಾತ್ರಿಯಾದರೂ ಹೊರಡಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬ್ರೂಫೆನ್, ಆಸ್ಪಿರಿನ್ ಮುಟ್ಟಬಾರದು. ಬಾಟಲಿ ಕ್ಲಿನಿಕ್ಕು ಇದನ್ನೆಲ್ಲ ಹೇಳುವುದಿಲ್ಲ. ಮೂರನೆಯ ದಿನ ಎರಡು ಬಾಟಲಿ ಏರಿಸಿ, ಒಂದು ಸೂಜಿ ಚುಚ್ಚಿ, ‘ನಾಳೆ ಇಳಿಯುತ್ತೆ’ ಎಂದು ಕಳಿಸುತ್ತದೆ. ನಾಳೆ ಇಳಿದೇ ಇಳಿಯುತ್ತದೆ. ಮನೆಯವರು ನಿಶ್ಚಿಂತೆಯಿಂದ ಮಲಗುತ್ತಾರೆ, ಎಚ್ಚರವಾಗಿರಬೇಕಾದ ಅದೇ ರಾತ್ರಿ.

ಮುಂದಿನ ಸಲ ‘ಡ್ರಿಪ್ಸ್ ಹಾಕೋಣ’ ಎಂದಾಗ ಮನೆಯವರು ಸಂಕೋಚ ಬಿಟ್ಟು ಕೇಳಬೇಕು. ಬಾಯಲ್ಲಿ ಕುಡಿಸಿದರೆ ಆಗುವುದಿಲ್ಲವೇ? ಬಾಟಲಿಗೆ ಏನೇನು ಸೇರಿಸುತ್ತಿದ್ದೀರಿ, ಚೀಟಿಯಲ್ಲಿ ಬರೆದುಕೊಡುತ್ತೀರಾ? ಮನೆಗೆ ಹೋದ ಮೇಲೆ ಏನು ಕಂಡರೆ ವಾಪಸ್ ಬರಬೇಕು? ಬೇಸರಪಟ್ಟುಕೊಳ್ಳುವ ಡಾಕ್ಟರೂ ಇರುತ್ತಾರೆ. ಬೇಡ ಎಂದು ಹೇಳಿ, ಹತ್ತು ನಿಮಿಷ ಕೂರಿಸಿ ವಿವರಿಸುವ ಡಾಕ್ಟರು ಸಿಕ್ಕರೆ ಅವರ ಫೀಸನ್ನು ಚೌಕಾಸಿ ಮಾಡದೆ ಕೊಟ್ಟು ಬರಬೇಕು. ‘ಏನೂ ಮಾಡ್ಲಿಲ್ಲ, ಬರೀ ಮಾತಾಡಿ ಮುನ್ನೂರು ತಗೊಂಡ್ರು’ ಎಂದು ಬಸ್‌ಸ್ಟ್ಯಾಂಡಿನಲ್ಲಿ ದೂರುವುದನ್ನು ಬಿಡಬೇಕು.